ಭಾಗವತರ ಪೆಟ್ಟಿಗೆಗೆ ಲೂಪ್ ಹುಡುಕಿದ್ದು: ಡೊಂಬಿವಲಿಯ ಒಂದು ಪ್ರಕರಣ

ಮುಂಬೈ ಬಳಿಯ ಡೊಂಬಿವಲಿಯ ಒಂದು ಹವ್ಯಾಸಿ ಯಕ್ಷಗಾನ ತಂಡಕ್ಕೆ ತಮ್ಮದೇ ಹಳೆಯ ಹಾರ್ಮೋನಿಯಂನ ಶ್ರುತಿ ಫೋನಿನಲ್ಲಿ ಬೇಕಿತ್ತು. ವರ್ಷಗಟ್ಟಲೆ ಶ್ರುತಿಗೆ ಕೂರುತ್ತಿದ್ದವರು ನಿವೃತ್ತರಾಗಿ ಕುಂದಾಪುರದ ಕಡೆ ಹೊರಟುಹೋಗಿದ್ದರು. ಭಾನುವಾರದ ಅಭ್ಯಾಸಕ್ಕೆ ಬರುವವರಲ್ಲಿ ಒಬ್ಬರು ಚೆಂಡೆಗೆ, ಒಬ್ಬರು ಮದ್ದಳೆಗೆ, ಉಳಿದವರೆಲ್ಲ ಕುಣಿಯುವವರು. ಮೂರು ಗಂಟೆ ಒಂದೇ ಕಡೆ ಕೂತು ತಿದಿ ಒತ್ತಲು ಯಾರೂ ಇಲ್ಲ. ಅಂಗಡಿಯಿಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಂದರು. ಭಾಗವತರಿಗೆ ಹಿಡಿಸಲಿಲ್ಲ. "ಸ್ವರ ಸರಿ ಇದೆ, ಉಸಿರಿಲ್ಲ" ಅಂದರು.

ಆ ಮಾತನ್ನು ನಾನು ಅಕ್ಷರಶಃ ತೆಗೆದುಕೊಂಡೆ. ಹಾರ್ಮೋನಿಯಂನ ಉಸಿರಿಗೆ ಒಂದು ವೇಗ ಇರುತ್ತದೆ. ಅದನ್ನು ಅಳೆಯಬಹುದು. ಲೂಪ್, ಅಂದರೆ ಕೊನೆ ಮುಟ್ಟಿದೊಡನೆ ಶುರುವಿಗೆ ಹಾರಿ ನಿಲ್ಲದೆ ಸುತ್ತುವ ರೆಕಾರ್ಡಿಂಗಿನ ತುಂಡು, ಎಷ್ಟು ಉದ್ದ ಇರಬೇಕು ಅನ್ನುವುದನ್ನು ತೀರ್ಮಾನಿಸುವುದೂ ಆ ಉಸಿರೇ. ಲೂಪ್ ಪಾಯಿಂಟ್ (ಲೂಪಿನ ಶುರು, ಕೊನೆಯ ಜಾಗ) ಹುಡುಕುವವರು ಸಾಮಾನ್ಯವಾಗಿ ಮೊದಲು ಜಾಗ ಹುಡುಕುತ್ತಾರೆ, ಉದ್ದ ತಾನಾಗಿ ಬರುತ್ತದೆ. ಶ್ರುತಿಯಂಥ ಸ್ವರಕ್ಕೆ ಮೊದಲು ಉದ್ದ ಗೊತ್ತಾಗಬೇಕು. ಜಾಗ ಆಮೇಲೆ. ಈ ಪ್ರಕರಣ ಪೂರ್ತಿ ನಿಂತಿರುವುದು ಇದರ ಮೇಲೆ.

ಮೊದಲಿನ ಲೂಪ್

ನನ್ನ ಹತ್ತಿರ ಬರುವ ಮೊದಲೇ ಒಂದು ಲೂಪ್ ತಯಾರಾಗಿತ್ತು. ಮಾಡಿದ್ದು ಭಾಗವತರ ತಂಗಿಯ ಮಗ, ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಕೆಲಸ ಅಚ್ಚುಕಟ್ಟಾಗಿತ್ತು. 'ಕಪ್ಪು ಒಂದು' ಮನೆಯನ್ನು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಕೀಲಿಯನ್ನು, ಒತ್ತಿ ಹಿಡಿದು ಒಂದು ನಿಮಿಷ ರೆಕಾರ್ಡ್ ಮಾಡಿದ್ದ. ನಡುವಿನ 2 ಸೆಕೆಂಡ್ ತುಂಡನ್ನು ಆರಿಸಿ, ಅದರ ಎರಡೂ ತುದಿಗಳನ್ನು ಝೀರೋ ಕ್ರಾಸಿಂಗ್‌ಗೆ ಸರಿಸಿದ್ದ. ಅಂದರೆ ತರಂಗ ಕೆಳಗಿನಿಂದ ಮೇಲೇರುತ್ತಾ ಸೊನ್ನೆಯ ಗೆರೆ ದಾಟುವ ಕಡೆ ಲೂಪ್ ಶುರು, ಅಂಥದೇ ಇನ್ನೊಂದು ಕಡೆ ಮುಗಿತಾಯ. ಎರಡೂ ತುದಿ ಸೊನ್ನೆಯಲ್ಲಿ ಇರುವುದರಿಂದ ಬೆಸುಗೆಯಲ್ಲಿ 'ಟಕ್' ಅನ್ನುವ ಸದ್ದು ಬರುವುದಿಲ್ಲ. ನಿಜವಾಗಿಯೂ ಬರುತ್ತಿರಲಿಲ್ಲ.

ಆದರೆ ಒಂದು ಪದ ಹಾಡುವಷ್ಟರಲ್ಲಿ ಭಾಗವತರು ನಿಲ್ಲಿಸಿದರು. "ಇದು ನನ್ನನ್ನು ಹಿಂದಿನಿಂದ ತಳ್ಳುತ್ತದೆ" ಎಂಬುದು ಅವರ ದೂರು. ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತಿತ್ತು. ಪ್ರತಿ 2 ಸೆಕೆಂಡಿಗೆ ಸ್ವರ ಕುಗ್ಗುತ್ತಾ ಬಂದು ಥಟ್ಟನೆ ದೊಡ್ಡದಾಗುತ್ತಿತ್ತು. ನಿಮಿಷಕ್ಕೆ 30 ಸಲ. ಝಂಪೆ ತಾಳದಲ್ಲೋ ತ್ರಿವುಡೆಯಲ್ಲೋ ಪದ ಹೇಳುತ್ತಿರುವವರಿಗೆ ಶ್ರುತಿಯ ಒಳಗಿಂದ ಬೇರೊಂದು ತಾಳ ಕೇಳಿಸುತ್ತಿದೆ ಎಂದರೆ ಹೇಗಿರಬೇಡ! ಶ್ರುತಿಗೆ ಸ್ವರ ಬೇಕು, ಕಾಲ ಬೇಡ. ಹಿಂದೆ ಪುಂಗಿ ಊದುತ್ತಿದ್ದ ಕಾಲದಿಂದ ಹಾರ್ಮೋನಿಯಂ ಬಂದ ಮೇಲಿನವರೆಗೂ ಶ್ರುತಿಯವರು ಎಲ್ಲಿ ಉಸಿರು ತೆಗೆದುಕೊಂಡರು ಅಂತ ಕೇಳುವವರಿಗೆ ತಿಳಿಯಬಾರದು. ತಾಳ ಇರುವುದು ಭಾಗವತರ ಕೈಯಲ್ಲಿ. ಹಾಗಾಗಿ ಈ ದೂರು ಸಣ್ಣದಲ್ಲ ಅಂತ ನನಗೆ ಅನ್ನಿಸಿತು.

ಹುಡುಗ ಮುಂದೆ ಅರ್ಧ ಸೆಕೆಂಡಿನ ಕ್ರಾಸ್‌ಫೇಡ್ ಹಾಕಿ ನೋಡಿದ್ದ. ಲೂಪಿನ ಕೊನೆಯ ಭಾಗ ಮೆಲ್ಲಗೆ ಇಳಿಯುವಾಗ ಶುರುವಿನ ಭಾಗ ಮೆಲ್ಲಗೆ ಏರುವ ಹಾಗೆ ಬೆರೆಸುವುದು. ತಳ್ಳು ಹೋಯಿತು. ಬದಲಿಗೆ ಸ್ವರ ಎರಡೆರಡು ಸೆಕೆಂಡಿಗೊಮ್ಮೆ ಬಣ್ಣ ಬದಲಿಸತೊಡಗಿತು. ತಗ್ಗಿನ ದನಿ ಒಳಕ್ಕೆ ಹೋಗಿ, ಮೇಲಿನ ದನಿ ಮುಂದೆ ಬಂದು, ಮತ್ತೆ ಹಿಂದಿನಂತೆ. ಭಾಗವತರಿಗೆ ಇದು ಇನ್ನೂ ಜಾಸ್ತಿ ಕಿರಿಕಿರಿ.

ಲೂಪ್ ಯಾಕೆ ಬೇಕು, ಮೂರು ಗಂಟೆ ರೆಕಾರ್ಡ್ ಮಾಡಿದರೆ ಸಾಲದಾ ಅಂತ ತಂಡದವರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 1981ರಲ್ಲಿ ಬಂದ ಇ-ಮು ಕಂಪನಿಯ ಎಮ್ಯುಲೇಟರ್ ಎಂಬ, ಸದ್ದನ್ನು ಹಿಡಿದಿಟ್ಟು ಕೀಲಿಗಳಿಂದ ನುಡಿಸುವ ಸ್ಯಾಂಪ್ಲರ್‌ನಲ್ಲಿ ಇದ್ದದ್ದು 128 ಕಿಲೋಬೈಟ್ ಮೆಮೊರಿ. ಎರಡು ಸೆಕೆಂಡಿನಷ್ಟು ಸದ್ದು ಹಿಡಿಸುತ್ತಿತ್ತು. ಉದ್ದ ಸ್ವರ ಬೇಕಿದ್ದರೆ ಲೂಪ್ ಬಿಟ್ಟು ದಾರಿಯೇ ಇರಲಿಲ್ಲ. ಈಗ ಮೆಮೊರಿಯ ಕೊರತೆ ಇಲ್ಲ. 48,000 ಹರ್ಟ್ಸ್, 16 ಬಿಟ್, ಮೊನೊ ಆದರೆ ಮೂರು ಗಂಟೆಗೆ ಸುಮಾರು 1 ಜಿಬಿ. ಇಟ್ಟುಕೊಳ್ಳಬಹುದು. ಆದರೆ ಮೂರು ಗಂಟೆ ಒಂದೇ ಸಮ ತಿದಿ ಒತ್ತುವವರು ಇಲ್ಲ ಅಂತಲೇ ಅಲ್ವಾ ಈ ಕೆಲಸ ಶುರುವಾದದ್ದು? ಒಬ್ಬರು ಒತ್ತಿದರೂ ಅಷ್ಟು ಹೊತ್ತಿನಲ್ಲಿ ಕೈ ಸೋಲುತ್ತದೆ, ಗಾಳಿ ಏರಿಳಿಯುತ್ತದೆ, ಹೊರಗೆ ಲೋಕಲ್ ಟ್ರೈನ್ ಹೋಗುತ್ತದೆ. ಒಳ್ಳೆಯ ಒಂದು ನಿಮಿಷ ಸಿಗುತ್ತದೆ. ಒಳ್ಳೆಯ ಮೂರು ಗಂಟೆ ಸಿಗುವುದಿಲ್ಲ.

ಪೆಟ್ಟಿಗೆಯೊಳಗೆ ಏನು ನಡೆಯುತ್ತಿದೆ

ಈ ಪೆಟ್ಟಿಗೆಯಲ್ಲಿ ಒಂದು ಮನೆ ಒತ್ತಿದರೆ ಮೂರು ರೀಡುಗಳು (ಗಾಳಿಗೆ ಕಂಪಿಸುವ ಲೋಹದ ನಾಲಗೆಗಳು) ನುಡಿಯುತ್ತವೆ. ಒಂದು ಬಾಸ್, ಎರಡು ಮೇಲ್ (ಇಂಗ್ಲಿಷಿನ male). ಮಾರುವವರು, ರಿಪೇರಿಯವರು ಬಳಸುವ ಹೆಸರುಗಳೇ ಇವು. ಬಾಸ್ ರೀಡು ಮೇಲ್ ರೀಡಿಗಿಂತ ಒಂದು ಸ್ಥಾಯಿ ಕೆಳಗೆ ಇರುತ್ತದೆ. ಎರಡು ಮೇಲ್ ರೀಡುಗಳು ಒಂದೇ ಸ್ವರದವು, ಆದರೆ ಕೂದಲೆಳೆಯಷ್ಟು ಬೇರೆ. ಹಾಗೆ ಬೇರೆ ಇರುವುದರಿಂದಲೇ ಸ್ವರಕ್ಕೆ ಜೀವ.

ಆ ಒಂದು ನಿಮಿಷದ ರೆಕಾರ್ಡಿಂಗಿನಲ್ಲಿ ಸ್ಥಿರವಾಗಿದ್ದ 30 ಸೆಕೆಂಡ್ ತೆಗೆದುಕೊಂಡು, ಸದ್ದಿನೊಳಗಿನ ಕಂಪನಗಳ ವೇಗವನ್ನು ಬಿಡಿಸಿ ತೋರಿಸುವ ಎಫ್‌ಎಫ್‌ಟಿ ಮಾಡಿದೆ. ಇಲ್ಲಿ ಉದ್ದದ ತುಂಡೇ ಬೇಕು. ಎರಡು ಸ್ವರಗಳ ನಡುವೆ 0.7 ಹರ್ಟ್ಸ್ ಅಂತರ ಇದ್ದರೆ, ಒಂದು ಸೆಕೆಂಡಿನ ತುಂಡಿನಲ್ಲಿ ಅವೆರಡೂ ಒಂದೇ ಗುಡ್ಡೆಯಾಗಿ ಕಾಣುತ್ತವೆ. 30 ಸೆಕೆಂಡ್ ಕೊಟ್ಟರೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಸಿಕ್ಕ ಅಂಕಿಗಳು: ಮೊದಲ ಮೇಲ್ ರೀಡು 277.9 ಹರ್ಟ್ಸ್, ಎರಡನೆಯದು 278.6, ಬಾಸ್ 139.1. ಇದನ್ನು ಖಚಿತ ಮಾಡಿಕೊಳ್ಳಲು ಹತ್ತನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಹತ್ತು ಪಟ್ಟು ವೇಗದ ಉಪಸ್ವರ, ನೋಡಿದೆ. ಅಲ್ಲಿ ಎರಡು ಮೇಲ್ ರೀಡುಗಳ ಅಂತರ ಹತ್ತು ಪಟ್ಟು ದೊಡ್ಡದು, 7 ಹರ್ಟ್ಸ್. ಸಣ್ಣ ಅಂತರ ಅಳೆಯಬೇಕಾದಾಗ ಮೇಲಿನ ಹಾರ್ಮೋನಿಕ್‌ಗಳನ್ನು ನೋಡುವುದು ಬಹಳ ಉಪಯೋಗದ ಉಪಾಯ.

277.9 ಮತ್ತು 278.6 ಒಟ್ಟಿಗೆ ನುಡಿದರೆ ಸೆಕೆಂಡಿಗೆ 0.7 ಸಲ ಮಿಡಿತ ಬರುತ್ತದೆ. ಒಂದು ಮಿಡಿತಕ್ಕೆ 1.43 ಸೆಕೆಂಡ್. ಎರಡು ತರಂಗಗಳು ಒಮ್ಮೆ ಕೂಡಿಕೊಂಡು ಸ್ವರ ತುಂಬುತ್ತದೆ, ಒಮ್ಮೆ ಎದುರಾಗಿ ಕುಗ್ಗುತ್ತದೆ. ಭಾಗವತರು ಉಸಿರು ಅಂದದ್ದು ಇದನ್ನೇ.

ಈಗ 2 ಸೆಕೆಂಡಿನ ಲೂಪನ್ನು ಮತ್ತೆ ನೋಡೋಣ. 2 ಸೆಕೆಂಡಿನಲ್ಲಿ 1.4 ಮಿಡಿತ ಆಗುತ್ತದೆ. ಲೂಪ್ ಸ್ವರ ತುಂಬಿರುವಾಗ ಶುರುವಾಯಿತು ಅಂದುಕೊಳ್ಳಿ. 1.43 ಸೆಕೆಂಡಿಗೆ ಮತ್ತೆ ತುಂಬುತ್ತದೆ. ಅಲ್ಲಿಂದ ಕುಗ್ಗತೊಡಗಿ ಹತ್ತಿರ ಹತ್ತಿರ ತಳ ಮುಟ್ಟುವಾಗ 2 ಸೆಕೆಂಡ್ ಮುಗಿಯುತ್ತದೆ. ಕೂಡಲೇ ಮತ್ತೆ ತುಂಬಿದ ಜಾಗಕ್ಕೆ ಹಾರುತ್ತದೆ. ಅದೇ ಆ ತಳ್ಳು. ಝೀರೋ ಕ್ರಾಸಿಂಗ್ ಎಷ್ಟೇ ಕರಾರುವಾಕ್ಕಾಗಿ ಇಟ್ಟರೂ ಇದು ಹೋಗುವುದಿಲ್ಲ. ದರ್ಜಿ ಚೌಕುಳಿ ಬಟ್ಟೆ ಕೂಡಿಸುವಾಗ ನೂಲಿಗೆ ನೂಲು ಸೇರಿದರೆ ಸಾಲದು, ಚೌಕುಳಿಗೆ ಚೌಕುಳಿ ಸೇರಬೇಕು. ಝೀರೋ ಕ್ರಾಸಿಂಗ್ ನೂಲನ್ನು ಮಾತ್ರ ನೋಡುತ್ತದೆ.

1948ರಲ್ಲಿ ಪ್ಯಾರಿಸ್‌ನಲ್ಲಿ ಸಂಗೀತ ಸಂಯೋಜಕ ಪಿಯೆರ್ ಶೆಫೆರ್ ಗ್ರಾಮಫೋನ್ ತಟ್ಟೆಯ ಗೆರೆಯನ್ನು ಸುತ್ತು ಮುಚ್ಚಿ ಲೂಪ್ ಮಾಡುತ್ತಿದ್ದರು. 78 ಸುತ್ತಿನ ತಟ್ಟೆಯಾದರೆ ಒಂದು ಸುತ್ತಿಗೆ 0.77 ಸೆಕೆಂಡ್. ಲೂಪಿನ ಉದ್ದವನ್ನು ಅಲ್ಲಿ ಯಂತ್ರವೇ ನಿರ್ಧರಿಸುತ್ತಿತ್ತು, ಮರುಕಳಿಕೆ ಎದ್ದು ಕೇಳುತ್ತಿತ್ತು, ಅವರಿಗೆ ಬೇಕಿದ್ದದ್ದೂ ಅದೇ. ನಮಗೆ ಬೇಕಿದ್ದದ್ದು ಪೂರ್ತಿ ಇದರ ಎದುರು: ಉದ್ದವನ್ನು ಪೆಟ್ಟಿಗೆಯೇ ಹೇಳಬೇಕು, ಮರುಕಳಿಕೆ ಕೇಳಿಸಬಾರದು.

103 ಡಿಗ್ರಿ

ಹಾಗಿದ್ದರೆ 1.43 ಸೆಕೆಂಡಿನ ಲೂಪ್ ಇಟ್ಟರೆ ಆಯಿತಲ್ಲ? ಲೆಕ್ಕ ಹಾಕಿ. 1.4286 ಸೆಕೆಂಡಿನಲ್ಲಿ ಮೊದಲ ಮೇಲ್ ರೀಡು 397 ಸಲ ಕಂಪಿಸುತ್ತದೆ, ಎರಡನೆಯದು 398 ಸಲ. ಎರಡೂ ಪೂರ್ಣ ಸಂಖ್ಯೆ. ಲೂಪ್ ಮುಗಿಯುವಾಗ ಎರಡು ರೀಡುಗಳೂ ಶುರುವಿನಲ್ಲಿದ್ದ ಸ್ಥಿತಿಗೇ ಬಂದಿರುತ್ತವೆ. ಅವುಗಳ ಹಾರ್ಮೋನಿಕ್‌ಗಳೂ ಹಾಗೆಯೇ. ಎರಡನೇ ಹಾರ್ಮೋನಿಕ್‌ನ ಮಿಡಿತ 1.4 ಹರ್ಟ್ಸ್, ಮೂರನೆಯದು 2.1. ಎಲ್ಲವೂ 0.7ರ ಗುಣಕಗಳು, ಹಾಗಾಗಿ ಒಟ್ಟಿಗೆ ವಾಪಸ್ ಬರುತ್ತವೆ.

ಬಾಸ್ ಬರುವುದಿಲ್ಲ. ಅದು 198.71 ಸಲ ಕಂಪಿಸಿರುತ್ತದೆ. ಒಂದು ಸುತ್ತಿಗೆ 0.29ರಷ್ಟು ಕಡಿಮೆ, ಅಂದರೆ ಒಂದು ಕಂಪನಕ್ಕೆ 360 ಡಿಗ್ರಿಯ ಲೆಕ್ಕದಲ್ಲಿ ಸುಮಾರು 103 ಡಿಗ್ರಿ ಹಿಂದೆ. ಬೆಸುಗೆಯಲ್ಲಿ ಬಾಸ್ ತರಂಗ ಅಷ್ಟು ಹಾರುತ್ತದೆ.

ಇಲ್ಲಿ ಕ್ರಾಸ್‌ಫೇಡ್ ಹಾಕಿದರೆ ಏನಾಗುತ್ತದೆ ನೋಡಿ. ಸಾದಾ ಲೀನಿಯರ್ ಕ್ರಾಸ್‌ಫೇಡ್‌ನ ನಡುಬಿಂದುವಿನಲ್ಲಿ ಎರಡು ತುಂಡುಗಳೂ ಅರ್ಧರ್ಧ ಇರುತ್ತವೆ. 103 ಡಿಗ್ರಿ ವ್ಯತ್ಯಾಸ ಇರುವ ಬಾಸ್ 4 ಡೆಸಿಬೆಲ್ ಕುಗ್ಗುತ್ತದೆ. ಮೇಲ್ ರೀಡುಗಳು ಹೊಂದಿಕೊಂಡಿರುವುದರಿಂದ ಹಾಗೆಯೇ ಇರುತ್ತವೆ. ನಡುವಿನಲ್ಲಿ ಎರಡನ್ನೂ ಅರ್ಧಕ್ಕಿಂತ ಜಾಸ್ತಿ ಇಡುವ ಈಕ್ವಲ್ ಪವರ್ ಕ್ರಾಸ್‌ಫೇಡ್ ಹಾಕಿದರೆ ಮೇಲ್ ರೀಡುಗಳು 3 ಡೆಸಿಬೆಲ್ ಏರುತ್ತವೆ, ಬಾಸ್ 1 ಡೆಸಿಬೆಲ್ ಇಳಿಯುತ್ತದೆ. ಎರಡರಲ್ಲಿ ಯಾವುದು ಹಾಕಿದರೂ ಬಾಸ್ ಮತ್ತು ಮೇಲ್‌ಗಳ ನಡುವಿನ ಹದ 4 ಡೆಸಿಬೆಲ್ ಕೆಡುತ್ತದೆ. ಹುಡುಗನ 2 ಸೆಕೆಂಡಿನ ಲೂಪಿನಲ್ಲಿ ಕೋನಗಳು ಬೇರೆ, ಕಾರಣ ಇದೇ. ಕ್ರಾಸ್‌ಫೇಡ್ ಹಂತದ (ಫೇಸ್, ಕಂಪನ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದು) ವ್ಯತ್ಯಾಸವನ್ನು ಅಳಿಸುವುದಿಲ್ಲ. ಅರ್ಧ ಸೆಕೆಂಡಿನ ಉದ್ದಕ್ಕೆ ಹರಡುತ್ತದೆ, ಅಷ್ಟೇ. ಗಾಳಿಯ ಸದ್ದು, ಮಳೆಯ ಸದ್ದಿನಂಥ ಗೊತ್ತುಗುರಿ ಇಲ್ಲದ ಸದ್ದಿಗೆ ಈಕ್ವಲ್ ಪವರ್ ಸರಿ. ಮೊದಲೇ ಹಂತ ಕೂಡಿಸಿದ ಸ್ವರಕ್ಕೆ ಲೀನಿಯರ್ ಸರಿ. ಈ ಆಯ್ಕೆಯನ್ನು ಎಡಿಟಿಂಗ್ ತಂತ್ರಾಂಶಕ್ಕೆ ಬಿಡದೆ ನಾವೇ ಮಾಡಬೇಕು.

ಮೂರು ರೀಡುಗಳೂ ಒಟ್ಟಿಗೆ ವಾಪಸ್ ಬರಲು ಎಷ್ಟು ಹೊತ್ತು ಬೇಕು? ಬಾಸ್‌ನ ಎರಡನೇ ಹಾರ್ಮೋನಿಕ್ 278.2. ಅದು ಒಂದು ಮೇಲ್ ಜೊತೆ 0.3, ಇನ್ನೊಂದರ ಜೊತೆ 0.4 ಹರ್ಟ್ಸ್ ಮಿಡಿಯುತ್ತದೆ. 0.3, 0.4, 0.7 ಈ ಮೂರಕ್ಕೂ ಸಾಮಾನ್ಯವಾದದ್ದು 0.1. ಅಂದರೆ 10 ಸೆಕೆಂಡ್. 10 ಸೆಕೆಂಡಿನಲ್ಲಿ 2779, 2786, 1391. ಮೂರೂ ಪೂರ್ಣ ಸಂಖ್ಯೆ. ಅಂಕಿಗಳು ಹೀಗೆ ಕೂಡಿಬಂದದ್ದು ಈ ಮನೆಯ ಅದೃಷ್ಟ. ಬೇರೆ ಮನೆಯಲ್ಲಿ ಇಷ್ಟು ಸುಲಭವಾಗಿ ಬರುವುದಿಲ್ಲ.

ಮತ್ತೆ ರೆಕಾರ್ಡ್ ಮಾಡಿದ್ದು

10 ಸೆಕೆಂಡಿನ ಲೂಪ್ ಮಾಡಬಹುದಿತ್ತು. ಆದರೆ ನಾನು ಬಾಸ್ ಮತ್ತು ಮೇಲ್‌ಗಳನ್ನು ಬೇರೆ ಬೇರೆ ರೆಕಾರ್ಡ್ ಮಾಡುವ ಪಕ್ಷ ಹಿಡಿದೆ. ಕಾರಣ ಸರಳ. ಒಂಟಿ ರೀಡಿಗೆ ಮಿಡಿತದ ಗೊಡವೆ ಇಲ್ಲ. ಪೂರ್ಣ ಸಂಖ್ಯೆಯ ಕಂಪನಗಳಿದ್ದರೆ ಯಾವ ಉದ್ದವಾದರೂ ಆದೀತು. ಎರಡು ಲೂಪ್ ಒಟ್ಟಿಗೆ ಓಡಿಸಿದಾಗ ಅವುಗಳ ನಡುವಿನ ಮಿಡಿತ ತಾನಾಗಿಯೇ ಹುಟ್ಟುತ್ತದೆ, ಪೆಟ್ಟಿಗೆಯಲ್ಲಿ ಹುಟ್ಟುವ ಹಾಗೆಯೇ.

ಬಾಸ್‌ಗೆ ಬೇರೆ ಸ್ಟಾಪ್ (ಗಾಳಿಯ ದಾರಿ ಮುಚ್ಚುವ ಗುಂಡಿ) ಇತ್ತು, ಎಳೆದು ಮುಚ್ಚಬಹುದು. ಎರಡು ಮೇಲ್ ರೀಡುಗಳು ಮಾತ್ರ ಒಂದೇ ಸ್ಟಾಪಿಗೆ ಸೇರಿದ್ದವು. ಒಂದು ರೀಡಿನ ನಾಲಗೆಯಡಿ ಕಾಗದದ ಚೂರು ತೂರಿಸಿ ಸುಮ್ಮನಾಗಿಸಬಹುದು, ರಿಪೇರಿಯವರು ಮಾಡುತ್ತಾರೆ. ಭಾಗವತರು ಒಪ್ಪಲಿಲ್ಲ. "ಪೆಟ್ಟಿಗೆ ಬಿಚ್ಚಬೇಡಿ" ಅಂದರು. ಅವರ ಮಾತು ನ್ಯಾಯ. ಮೇಲ್ ಜೋಡಿಯನ್ನು ಒಟ್ಟಿಗೇ ತೆಗೆದುಕೊಂಡೆವು.

ಮನೆ ರೈಲು ಹಳಿಯ ಹತ್ತಿರ. ರಾತ್ರಿ ಕೊನೆಯ ಲೋಕಲ್ ಹೋದ ಮೇಲೆ, ಬೆಳಗಿನ ಮೊದಲನೆಯದು ಬರುವ ಮುಂಚೆ ಕೆಲಸ. ಫ್ಯಾನ್ ಬಂದ್, ಫ್ರಿಜ್ ಬಂದ್, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ. ಇದು ಬರೀ ಶುದ್ಧತೆಯ ಹಟ ಅಲ್ಲ. ಲೂಪಿನೊಳಗೆ ಸಿಕ್ಕ ಪ್ರತಿ ಸಣ್ಣ ಸದ್ದೂ ಸುತ್ತು ಸುತ್ತಿಗೂ ಬರುತ್ತದೆ. ಮಾಮೂಲಿ ರೆಕಾರ್ಡಿಂಗಿನಲ್ಲಿ ಯಾರೂ ಗಮನಿಸದ ಒಂದು ಬಾಗಿಲ ಸದ್ದು ಲೂಪಿನಲ್ಲಿ ತಾಳವಾಗುತ್ತದೆ.

ತಿದಿಯದ್ದೇ ದೊಡ್ಡ ಕೆಲಸ. ಹೊರಗಿನ ತಿದಿ ಒಳಗಿನ ಗಾಳಿಚೀಲವನ್ನು ತುಂಬುತ್ತದೆ, ಸ್ಪ್ರಿಂಗ್ ಅದನ್ನು ಒತ್ತಿ ಒತ್ತಡ ಸಮ ಇಡಲು ನೋಡುತ್ತದೆ. ಪೂರ್ತಿ ಸಮ ಆಗುವುದಿಲ್ಲ. ಪ್ರತಿ ಒತ್ತಿಗೂ ದನಿ ಸ್ವಲ್ಪ ಏರುತ್ತದೆ. ಗಾಳಿ ಜೋರಾದರೆ ರೀಡಿನ ಸ್ವರ ಸಾಮಾನ್ಯವಾಗಿ ಒಂದಿಷ್ಟು ಇಳಿಯುವುದೂ ಉಂಟು. ಆದ್ದರಿಂದ ಚೀಲ ಅರ್ಧ ತುಂಬಿರುವಂತೆ ಇಟ್ಟು, ಸಣ್ಣ ಸಣ್ಣ ಒತ್ತುಗಳಲ್ಲಿ ನುಡಿಸಲು ಕೇಳಿಕೊಂಡೆ. ಭಾಗವತರೇ ಕೂತರು. ಅವರ ಕೈ ಬಹಳ ಚೆನ್ನಾಗಿತ್ತು. ಬಾಸ್ ಮುಚ್ಚಿದಾಗ ಗಾಳಿಯ ಹಂಚಿಕೆ ಬದಲಾಗುವುದರಿಂದ ಸ್ವರಗಳನ್ನು ಮತ್ತೆ ಅಳೆದೆವು. ವ್ಯತ್ಯಾಸ ನಮ್ಮ ಅಳತೆಯ ಮಿತಿಯೊಳಗೇ ಇತ್ತು.

ಉಳಿದ ಏರಿಳಿತವನ್ನು ಪ್ರೋಗ್ರಾಂನಲ್ಲಿ ಸಮ ಮಾಡಬೇಕಿತ್ತು. ಇಲ್ಲಿ ಒಂದು ತೊಡಕು. ತಿದಿಯ ಏರಿಳಿತವೂ ನಿಧಾನ, ರೀಡುಗಳ ಮಿಡಿತವೂ ನಿಧಾನ. ಒಟ್ಟು ದನಿಯ ಮಟ್ಟ ನೋಡಿ ಸಮ ಮಾಡಿದರೆ ಉಸಿರೂ ಹೊರಟುಹೋಗುತ್ತದೆ. ದನಿಯ ಏರಿಳಿತ ತಗ್ಗಿಸುವ ಕಂಪ್ರೆಸರ್ ಹಾಕಿದರೂ ಅದೇ ಕಥೆ. ಬೇರ್ಪಡಿಸಲು ಒಂದು ದಾರಿ ಇದೆ, ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಮಿಡಿತ ಒಂದೊಂದು ಹಾರ್ಮೋನಿಕ್‌ನಲ್ಲಿ ಒಂದೊಂದು ವೇಗದಲ್ಲಿ ಇರುತ್ತದೆ: 0.7, 1.4, 2.1 ಹೀಗೆ. ತಿದಿಯ ಏರಿಳಿತ ಎಲ್ಲ ಹಾರ್ಮೋನಿಕ್‌ಗಳಲ್ಲೂ ಏಕಕಾಲಕ್ಕೆ ಬರುತ್ತದೆ. ಹತ್ತಾರು ಹಾರ್ಮೋನಿಕ್‌ಗಳ ಮಟ್ಟವನ್ನು ಬಿಡಿಬಿಡಿಯಾಗಿ ಡೆಸಿಬೆಲ್‌ನಲ್ಲಿ ತೆಗೆದು ಸರಾಸರಿ ಮಾಡಿದರೆ ಮಿಡಿತಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಉಳಿಯುವುದು ತಿದಿಯ ಗೆರೆ. ಆ ಗೆರೆಯಷ್ಟನ್ನೇ ಕಳೆದೆ. ಉಸಿರು ಇದ್ದಲ್ಲೇ ಉಳಿಯಿತು.

ಹುಡುಕಾಟ

ಪ್ರೋಗ್ರಾಂ ಪೈಥಾನ್‌ನಲ್ಲಿ, ನಂಪೈ ಎಂಬ ಲೆಕ್ಕದ ಲೈಬ್ರರಿ ಬಳಸಿ ಬರೆದದ್ದು. ಪರೀಕ್ಷಿಸಿ ಕೇಳಲು ಸೂಪರ್‌ಕೊಲೈಡರ್ ಎಂಬ ಸದ್ದಿನ ತಂತ್ರಾಂಶ. ಮೇಲ್ ಜೋಡಿಗೆ ಉದ್ದ ಏಳು ಮಿಡಿತ ಎಂದು ಇಟ್ಟುಕೊಂಡೆ: 10 ಸೆಕೆಂಡ್, ಅಂದರೆ ಸೆಕೆಂಡಿಗೆ 48,000ದಂತೆ 4,80,000 ಸ್ಯಾಂಪಲ್ (ತರಂಗದ ಬಿಡಿ ಅಳತೆ). ಒಂದೇ ಮಿಡಿತ ಸಾಕಿತ್ತಲ್ಲ, ಏಳು ಯಾಕೆ? ರೀಡಿನಲ್ಲಿ ಮಿಡಿತದ ಆಚೆಗೂ ಸಣ್ಣ ಸಣ್ಣ ಅಲುಗಾಟಗಳಿವೆ. 1.43 ಸೆಕೆಂಡಿಗೊಮ್ಮೆ ಅದೇ ಅಲುಗಾಟ ಬಂದರೆ ಕಿವಿ ಹಿಡಿಯುತ್ತದೆ. 10 ಸೆಕೆಂಡಿಗೊಮ್ಮೆ ಬಂದರೆ ಹಿಡಿಯುವುದು ಕಷ್ಟ.

ಉದ್ದ ಗೊತ್ತಾದ ಮೇಲೆ ಜಾಗದ ಹುಡುಕಾಟ. ಒಂದು ಶುರುವಿನ ಜಾಗ ತೆಗೆದುಕೊಳ್ಳಿ. ಅದರ ಸುತ್ತಲಿನ 4096 ಸ್ಯಾಂಪಲ್‌ಗಳನ್ನು, 10 ಸೆಕೆಂಡ್ ಆಚೆಯ 4096 ಸ್ಯಾಂಪಲ್‌ಗಳ ಜೊತೆ ಹೋಲಿಸಿ. ಒಂದರಿಂದ ಒಂದನ್ನು ಕಳೆದು, ವರ್ಗ ಮಾಡಿ, ಕೂಡಿಸಿ, ಒಟ್ಟು ಶಕ್ತಿಯಿಂದ ಭಾಗಿಸಿ. ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಅಳತೆ ಪೂರ್ತಿ ಕರಾರುವಾಕ್ಕಲ್ಲ, ಆದ್ದರಿಂದ ಉದ್ದವನ್ನೂ ಹಿಂದೆ ಮುಂದೆ ಎರಡೆರಡು ಕಂಪನದಷ್ಟು ಸರಿಸಿ ನೋಡಬೇಕು. ಆಮೇಲೆ ಶುರುವಿನ ಜಾಗವನ್ನು ಮುಂದೆ ಸರಿಸಿ ಮತ್ತೆ ಅದೇ. ಇದನ್ನು ನೇರವಾಗಿ ಮಾಡಿದರೆ ತಡ ಆಗುತ್ತದೆ. ವರ್ಗವನ್ನು ಬಿಡಿಸಿದರೆ ನಡುವಿನ ಪದ ಕ್ರಾಸ್ ಕೋರಿಲೇಶನ್ (ಎರಡು ತುಂಡುಗಳ ಹೋಲಿಕೆಯ ಅಳತೆ) ಅಷ್ಟೇ, ಅದನ್ನು ಎಫ್‌ಎಫ್‌ಟಿಯಿಂದ ಬೇಗ ತೆಗೆಯಬಹುದು.

ಆಟೊಕೋರಿಲೇಶನ್ (ಸದ್ದನ್ನು ಸರಿಸಿ ಅದರೊಂದಿಗೇ ಹೋಲಿಸುವುದು) ಒಂದನ್ನೇ ನಂಬಿ ಉದ್ದವನ್ನೂ ಅದರಿಂದಲೇ ತೆಗೆದರೆ ಸಾಲದೇ ಅಂತ ಹುಡುಗ ಕೇಳಿದ. ತೆಗೆಯಬಹುದು. ಆದರೆ ಅದು ಪ್ರತಿ ಕಂಪನಕ್ಕೂ ಒಂದು ಶಿಖರ ತೋರಿಸುತ್ತದೆ. ಸಣ್ಣ ಉದ್ದಗಳು ಯಾವಾಗಲೂ ಗೆಲ್ಲುತ್ತವೆ, ಯಾಕೆಂದರೆ ಹತ್ತಿರದ ಎರಡು ಕಂಪನಗಳು ದೂರದವಕ್ಕಿಂತ ಜಾಸ್ತಿ ಒಂದೇ ತರ ಇರುತ್ತವೆ. ಯಂತ್ರಕ್ಕೇ ಬಿಟ್ಟರೆ ಒಂದೇ ಕಂಪನದ ಲೂಪ್ ಕೊಡುತ್ತದೆ. ಆ ಲೂಪಿನ ಗತಿ ನೋಡಿ: ಮೇಲ್ ರೀಡಿನ ಒಂದು ಕಂಪನ 172.7 ಸ್ಯಾಂಪಲ್. ಲೂಪ್ 173 ಇಟ್ಟರೆ ಸ್ವರ ಸುಮಾರು 2.8 ಸೆಂಟ್ಸ್ (ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್ಸ್) ಇಳಿಯುತ್ತದೆ. ಮಿಡಿತ ಪೂರ್ತಿ ಸಾಯುತ್ತದೆ. ಅಂಗಡಿಯ ಶ್ರುತಿಪೆಟ್ಟಿಗೆಯಲ್ಲಿ ಇಲ್ಲದ ಉಸಿರು ಇಲ್ಲೂ ಇರುವುದಿಲ್ಲ. ಅದಕ್ಕೇ ಉದ್ದವನ್ನು ಮೊದಲು ಮನುಷ್ಯರು ಹೇಳಬೇಕು, ಸಂಗೀತ ನೋಡಿ ಹೇಳಬೇಕು.

ಬಾಸ್‌ಗೆ 900 ಕಂಪನ ಇಟ್ಟೆ. 6.47 ಸೆಕೆಂಡ್, 3,10,568 ಸ್ಯಾಂಪಲ್. ಉದ್ದೇಶಪೂರ್ವಕವಾಗಿಯೇ 10ಕ್ಕೆ ಹೊಂದದ ಉದ್ದ. ಎರಡು ಲೂಪ್‌ಗಳೂ ಒಟ್ಟಿಗೆ ಶುರುವಾದರೆ, ಮತ್ತೆ ಒಟ್ಟಿಗೆ ಶುರುವಾಗಲು 100 ಗಂಟೆಗೂ ಜಾಸ್ತಿ ಬೇಕು. ಇಡೀ ರಾತ್ರಿಯ ಆಟಕ್ಕೂ ಧಾರಾಳ.

ಕೊನೆಗೆ 25 ಮಿಲಿಸೆಕೆಂಡಿನ ಲೀನಿಯರ್ ಕ್ರಾಸ್‌ಫೇಡ್. ಅದು ಬೇಕು. 4,80,000ದಲ್ಲಿ ಅರ್ಧ ಸ್ಯಾಂಪಲ್ ತಪ್ಪಿದರೆ 278 ಹರ್ಟ್ಸ್‌ಗೆ ಒಂದು ಡಿಗ್ರಿಯಷ್ಟೇ. ಆದರೆ 5000 ಹರ್ಟ್ಸ್‌ನ ಹಾರ್ಮೋನಿಕ್‌ಗೆ 19 ಡಿಗ್ರಿ. ಆ ಸಣ್ಣ ಚುರುಕನ್ನು ಕ್ರಾಸ್‌ಫೇಡ್ ನುಂಗುತ್ತದೆ. ಅದನ್ನು ಪ್ಲೇಯರ್‌ಗೆ ಬಿಡದೆ ಫೈಲಿನಲ್ಲೇ ಬೆರೆಸಿಬಿಟ್ಟೆ: ಲೂಪಿನ ಕೊನೆಯ ಭಾಗಕ್ಕೆ, ಲೂಪ್ ಶುರುವಾಗುವ ಮುಂಚಿನ ಭಾಗ ಸೇರುತ್ತದೆ. ಆಗ ಯಾವ ಪ್ಲೇಯರ್ ಆದರೂ ಸರಿ.

ಫೈಲಿನ ಕೊನೆಯ ಸ್ಯಾಂಪಲ್

ವೇವ್ ಫೈಲಿನಲ್ಲಿ ಲೂಪ್ ಪಾಯಿಂಟ್ ಬರೆಯುವ ಜಾಗಕ್ಕೆ 'ಸ್ಯಾಂಪ್ಲ್' (smpl) ಚಂಕ್ ಎನ್ನುತ್ತಾರೆ. ಅದರಲ್ಲಿ ಲೂಪಿನ ಶುರು, ಕೊನೆ, ಬಗೆ, ಎಷ್ಟು ಸಲ ಎಂಬ ಮಾಹಿತಿ ಇರುತ್ತದೆ. ಸಲಕ್ಕೆ ಸೊನ್ನೆ ಬರೆದರೆ ನಿಲ್ಲದೆ ಸುತ್ತುತ್ತದೆ. ಇಲ್ಲಿ 'ಕೊನೆ' ಎಂದರೆ ನುಡಿಯುವ ಕೊನೆಯ ಸ್ಯಾಂಪಲ್. ಶುರುವಿಗೆ ಉದ್ದ ಕೂಡಿಸಿ ಒಂದು ಕಳೆಯಬೇಕು. ಸ್ಯಾಂಪಲ್ ಮಾಡಿದ ವಾದ್ಯಗಳನ್ನು ಇಡುವ ಸೌಂಡ್‌ಫಾಂಟ್ 2 ಎಂಬ ಫೈಲ್ ಬಗೆಯಲ್ಲಿ ಹಾಗಲ್ಲ. ಅಲ್ಲಿ ಕೊನೆ ಎಂದರೆ ಲೂಪ್ ಮುಗಿದ ನಂತರದ ಮೊದಲ ಸ್ಯಾಂಪಲ್, ಒಂದು ಕಳೆಯಬಾರದು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಇದು ಬಹಳ ಸಲ ತಪ್ಪಿಹೋಗುತ್ತದೆ. 10 ಸೆಕೆಂಡಿನ ಲೂಪಿನಲ್ಲಿ ಒಂದು ಸ್ಯಾಂಪಲ್ ಜಾಸ್ತಿಯಾದರೆ ಸ್ವರ ಬದಲಾದದ್ದು ಗೊತ್ತಾಗುವುದಿಲ್ಲ. ಒಂದೇ ಕಂಪನದ ಲೂಪಾದರೆ ಅದು ಹತ್ತು ಸೆಂಟ್ಸ್ ಕೆಡಿಸುತ್ತದೆ.

ಫೋನಿಗೆ ಕಳಿಸುವಾಗ ಇನ್ನೊಂದು ತೊಂದರೆ. ತಂಡದಲ್ಲಿ ಯಾರೋ ಫೈಲ್ ಚಿಕ್ಕದಾಗಲಿ ಎಂದು ಎಂಪಿ3 ಮಾಡಿದರು. ಕೂಡಲೇ ಬೆಸುಗೆಯಲ್ಲಿ ಖಾಲಿ ಜಾಗ ಕೇಳಿಸತೊಡಗಿತು. ಎಂಪಿ3 ಸದ್ದನ್ನು 1152 ಸ್ಯಾಂಪಲ್‌ಗಳ ಚೌಕಟ್ಟುಗಳಾಗಿ ಕಟ್ಟುತ್ತದೆ. ಮುಂದೆ ಹಿಂದೆ ಖಾಲಿ ಸ್ಯಾಂಪಲ್ ಸೇರಿಸುತ್ತದೆ. ಲೂಪ್ ಪಾಯಿಂಟ್‌ಗಳೆಲ್ಲ ಜರುಗಿಹೋಗುತ್ತವೆ. ಏನೂ ಕಳೆಯದೆ ಚಿಕ್ಕದಾಗಿಸುವ ಫ್ಲ್ಯಾಕ್ ಮಾಡಿ ಕೊಟ್ಟೆ. ಒಂದು ಸ್ಯಾಂಪಲ್ಲೂ ಆಚೀಚೆ ಆಗುವುದಿಲ್ಲ, ಗಾತ್ರವೂ ಕಡಿಮೆ.

ಭಾಗವತರು ಕೇಳಿದ್ದು

ಪರೀಕ್ಷೆ ಹೇಗೆ ಮಾಡಬೇಕೆಂದು ನಾನು ಮೊದಲೇ ಯೋಚಿಸಿದ್ದೆ. ಸುಮ್ನೆ ಕೂತು ಶ್ರುತಿ ಕೇಳಿಸಿದರೆ ಎಲ್ಲರೂ ಬೆಸುಗೆ ಹುಡುಕುತ್ತಾರೆ, ಇಲ್ಲದ ಕಡೆಯೂ ಹುಡುಕುತ್ತಾರೆ. ಹಾಡುವವರ ಕೆಲಸ ಅದಲ್ಲ. ಆದ್ದರಿಂದ ಅಭ್ಯಾಸದಲ್ಲೇ ಹಚ್ಚಿದೆವು. ಒಂದಷ್ಟು ಹೊತ್ತು ನಿಜವಾದ ಪೆಟ್ಟಿಗೆಯ ಉದ್ದ ರೆಕಾರ್ಡಿಂಗ್, ಒಂದಷ್ಟು ಹೊತ್ತು ಲೂಪ್. ಯಾವುದು ಯಾವಾಗ ಅಂತ ಹೇಳಲಿಲ್ಲ. ಪದ ನಡೆಯುವಾಗ ತಳ್ಳಿದ ಹಾಗೆ ಅನ್ನಿಸಿದರೆ ಕೈ ಎತ್ತಲು ಭಾಗವತರಿಗೆ ಹೇಳಿದ್ದೆ. ಕೈ ಏಳಲಿಲ್ಲ.

ಅಭ್ಯಾಸ ಮುಗಿದ ಮೇಲೆ ಅವರು ಬೇರೊಂದು ಮಾತು ಹೇಳಿದರು. "ತಿದಿಯ ಸದ್ದು ಎಲ್ಲಿ ಹೋಯಿತು?" ನಿಜ. ಲೂಪಿನಲ್ಲಿ ಮರುಕಳಿಸಬಾರದೆಂದು ತಿದಿಯ ಕಿರ್ ಸದ್ದು ಇಲ್ಲದ ಭಾಗವನ್ನೇ ಆರಿಸಿದ್ದೆ. ಅವರಿಗೆ ಅದು ಬೇಕಿತ್ತು. ಅದು ಬರಬೇಕೆನ್ನುವುದು ಸರಿಯಾದ ಬೇಡಿಕೆ ಅಂತಲೇ ನನಗೂ ಅನ್ನಿಸಿತು. ಮನೆ ಒತ್ತದೆ, ಬರೀ ತಿದಿ ಆಡಿಸಿ ಆ ಸದ್ದುಗಳನ್ನು ಬೇರೆಯೇ ರೆಕಾರ್ಡ್ ಮಾಡಿದೆವು. ಸೂಪರ್‌ಕೊಲೈಡರ್‌ನಲ್ಲಿ 'ಡಸ್ಟ್' ಎಂಬ ಘಟಕ ಗೊತ್ತಾದ ಕಾಲವಿಲ್ಲದೆ, ಅಲ್ಲೊಂದು ಇಲ್ಲೊಂದು ಟ್ರಿಗರ್ ಕೊಡುತ್ತದೆ. ಅದಕ್ಕೆ ಈ ಸದ್ದುಗಳನ್ನು ಜೋಡಿಸಿದೆ. ಪ್ರತಿ ಸಲ ಬೇರೆ ಸದ್ದು, ಬೇರೆ ಮಟ್ಟ. ಎರಡು ಸದ್ದುಗಳು ತೀರ ಹತ್ತಿರ ಬರದಂತೆ ನಡುವೆ ಒಂದು ಕನಿಷ್ಠ ಅಂತರ ಇಟ್ಟೆ, ಯಾಕೆಂದರೆ ಕೈ ಅಷ್ಟು ಬೇಗ ಒತ್ತಲಾರದು. ಫೋನಿನ ಆವೃತ್ತಿಯಲ್ಲೂ ಇದನ್ನೇ ಮಾಡಿದ್ದೇವೆ. ಸ್ವರ ಸುತ್ತುತ್ತದೆ, ತಿದಿ ಸುತ್ತುವುದಿಲ್ಲ.

ತಂಡದ ಇನ್ನೊಬ್ಬ ಭಾಗವತರು ಹಾಡುವುದು 'ಕಪ್ಪು ಎರಡ'ರಲ್ಲಿ. ಆ ಮನೆಯ ಒಂದು ಮೇಲ್ ರೀಡು ಸದ್ಯ ಝುಂ ಎಂದು ಅದುರುತ್ತದೆ. ಈ ಸ್ಥಿತಿಯಲ್ಲಿ ರೆಕಾರ್ಡ್ ಮಾಡಿದರೆ ಅದುರು ಲೂಪಿನೊಳಗೆ ಶಾಶ್ವತವಾಗಿ ಕೂರುತ್ತದೆ, ಹಾಗಾಗಿ ರಿಪೇರಿ ಆಗುವವರೆಗೆ ಕಾಯುವುದೆಂದು ತೀರ್ಮಾನವಾಗಿದೆ. ಅಲ್ಲಿಯವರೆಗೆ ಕಪ್ಪು ಒಂದರ ಫೈಲನ್ನೇ ವೇಗ ಹೆಚ್ಚಿಸಿ ಎರಡು ಮನೆ ಏರಿಸಿ ಬಳಸುತ್ತಿದ್ದಾರೆ. ಲೂಪ್ ಕೆಡುವುದಿಲ್ಲ, ಸ್ಯಾಂಪಲ್ ಲೆಕ್ಕ ಹಾಗೆಯೇ ಇರುತ್ತದೆ. ಮಿಡಿತ ಮಾತ್ರ 0.7ರಿಂದ 0.79ಕ್ಕೆ ಏರುತ್ತದೆ. ಉಸಿರು ಸ್ವಲ್ಪ ಅವಸರದ್ದಾಯಿತು ಎಂದು ಆ ಭಾಗವತರು ಆಗಲೇ ಗುರುತಿಸಿದ್ದಾರೆ.